ಎ ಆದ ಮೇಲೆ ಸಿ

ಡೆಟ್ರಾಯಿಟ್ ಹೊರವಲಯದ ನಮ್ಮ ರಾಚೆಸ್ಟರ್ ಹಿಲ್ಸ್ ಕಡೆ ಯಾರ ಮನೆಗೆ ಊಟಕ್ಕೆ ಹೋದರೂ, ನಾನು ಫ್ರೀವೇ ಬೋರ್ಡುಗಳ ಎಂಜಿನಿಯರ್ ಆಗಿದ್ದೆ ಎಂದು ಗೊತ್ತಾದ ತಕ್ಷಣ ಒಂದೇ ಪ್ರಶ್ನೆ ಬರುತ್ತದೆ. "ಆಂಟಿ, ಎಕ್ಸಿಟ್ 69 ಆದ್ಮೇಲೆ ಸೀದಾ 72 ಬರತ್ತಲ್ಲ, ಮಧ್ಯದ್ದೆಲ್ಲ ಎಲ್ಲಿ ಹೋಯ್ತು?" ಕೇಳುವವರಲ್ಲಿ ಹೃದಯದ ಡಾಕ್ಟರುಗಳಿದ್ದಾರೆ, ಎಂಜಿನ್ ವಿನ್ಯಾಸ ಮಾಡುವವರಿದ್ದಾರೆ, ದಿನಾ ಅದೇ ರಸ್ತೆಯಲ್ಲಿ ಹೋಗಿಬರುವವರಿದ್ದಾರೆ. ನಾನು ಉತ್ತರ ಶುರು ಮಾಡುವಷ್ಟರಲ್ಲಿ ಯಾರೋ ಹೋಳಿಗೆಗೆ ತುಪ್ಪ ಬೇಕೇ ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಈಗ ಮೈಸೂರಿನಿಂದ ಬಂದು ಇಲ್ಲಿ ಓದು ಮುಗಿಸಿದ ನಯನಾ ಎಂಬ ಹುಡುಗಿ ನನ್ನದೇ ಕೆಲಸಕ್ಕೆ ಸೇರುತ್ತಿದ್ದಾಳೆ. "ಪುಸ್ತಕದಲ್ಲಿ ಇರೋದು ಬೇಡ ಆಂಟಿ, ನಿಜವಾಗ್ಲೂ ಹೇಗಿರತ್ತೆ ಹೇಳಿ" ಎಂದಳು. ಅವಳಿಗೂ ಅವಳಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬ ಕಥೆ ಬಿಟ್ಟುಬಿಡುತ್ತೇನೆ. ಅದು ನನಗೇ ಸರಿಯಾಗಿ ನೆನಪಿಲ್ಲ, ನೆನಪಿದ್ದರೂ ಯಾರಿಗೂ ಬೇಕಾಗಿಲ್ಲ.

ಮೈಸೂರಿನಲ್ಲಿ ಸಿವಿಲ್ ಮುಗಿಸಿ, ಡೆಟ್ರಾಯಿಟ್‌ಗೆ ಬಂದು ಸಂಚಾರದ ಎಂಜಿನಿಯರಿಂಗ್ ಓದಿದೆ. ಕೆಲಸ ಸಿಕ್ಕಿದ್ದು ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ. ಹೆದ್ದಾರಿ ಇಲಾಖೆಗಳಿಗೆ ಬೋರ್ಡುಗಳ ನಕ್ಷೆ ಮಾಡಿಕೊಡುವುದು ಅದರ ಕಸುಬು. ಮುಖ್ಯ ಕಚೇರಿ ಚಿಕಾಗೋದ ಹೊರವಲಯದ ಬೋಲಿಂಗ್‌ಬ್ರೂಕ್‌ನಲ್ಲಿ, ನಮ್ಮ ಪುಟ್ಟ ಶಾಖೆ ಡೆಟ್ರಾಯಿಟ್‌ನ ಉತ್ತರಕ್ಕೆ. ನದಿಗೆ ಸೇತುವೆ ಕಟ್ಟುತ್ತೇನೆ ಎಂದುಕೊಂಡಿದ್ದವಳಿಗೆ, ಹಸಿರು ತಗಡಿನ ಮೇಲೆ ಬಿಳಿ ಅಕ್ಷರ ಕೂರಿಸುವ ಕೆಲಸ ಎಂದು ಕೇಳಿದಾಗ ಮುಖ ಸಣ್ಣದಾಗಿತ್ತು.

ಶಾಖೆಯ ಮುಖ್ಯಸ್ಥ ಸ್ಟ್ಯಾನ್. ಡೆಟ್ರಾಯಿಟ್‌ಗೆ ಅಂಟಿಕೊಂಡ ಹ್ಯಾಮ್‌ಟ್ರಾಮಿಕ್‌ನಲ್ಲಿ ಹುಟ್ಟಿ ಬೆಳೆದ ಪೋಲಿಷ್ ಮನೆತನದ ಮನುಷ್ಯ. ದಪ್ಪ ಮೀಸೆ, ಸಣ್ಣ ದನಿ. ಮೊದಲ ವಾರ ಒಂದು ಹಳೆಯ ನಕ್ಷೆ ಕೊಟ್ಟು ತಪ್ಪು ಹುಡುಕು ಎಂದರು. ನಾನು ಇಡೀ ದಿನ ಕೂತು ನೋಡಿ, ಫ್ರೀವೇಯಿಂದ ಇಳಿಯುವ ದಾರಿಗಳ, ಅಂದರೆ ಎಕ್ಸಿಟ್‌ಗಳ, ನಂಬರುಗಳು ಮಧ್ಯೆ ಮಧ್ಯೆ ಹಾರಿಹೋಗಿರುವುದನ್ನು ಪತ್ತೆಹಚ್ಚಿ, ಬಿಟ್ಟುಹೋದ ಒಂದೊಂದರ ಜಾಗಕ್ಕೂ ಕೆಂಪು ಪೆನ್ಸಿಲಿನಲ್ಲಿ ಗುಂಡಗೆ ಸುತ್ತು ಹಾಕಿ, ದೊಡ್ಡ ಬೇಟೆಯಾಡಿದವಳಂತೆ ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ಮೇಲಿಂದ ಕೆಳಗೆ ನೋಡಿದರು. ನಗಲಿಲ್ಲ. ಕೋಟು ಹಾಕಿಕೊಂಡು ಬಾ ಎಂದರು.

ಅವರ ಪಿಕಪ್‌ನಲ್ಲಿ ಕೂರಿಸಿಕೊಂಡು ಫ್ರೀವೇಗೆ ಇಳಿದರು. ದೊಡ್ಡ ಬೋರ್ಡು ನೋಡಬೇಡ, ರಸ್ತೆಯ ಅಂಚಿನಲ್ಲಿ ಮೊಣಕಾಲೆತ್ತರಕ್ಕೆ ಮೈಲಿಗೊಂದು ಸಣ್ಣ ಹಸಿರು ಪಟ್ಟಿಯಿದೆ, ಅದರ ಮೇಲಿನ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಾ ಬಾ ಎಂದರು. ನಾನು ಎರಡನೇ ತರಗತಿಯ ಮಗುವಿನ ಹಾಗೆ ಓದುತ್ತಾ ಹೋದೆ. ನಾಲ್ಕೈದು ಓದುವಷ್ಟರಲ್ಲಿ ಒಂದು ಎಕ್ಸಿಟ್ ಬಂತು. ಪಟ್ಟಿಯ ಮೇಲಿನ ಸಂಖ್ಯೆಯೇ ಎಕ್ಸಿಟ್ಟಿನ ಸಂಖ್ಯೆ. ಆಮೇಲೆ ಪಟ್ಟಿಗಳು ಬಂದವು, ಎಕ್ಸಿಟ್ ಬರಲಿಲ್ಲ. ಮತ್ತೆ ಎಕ್ಸಿಟ್ ಬಂದಾಗ ಅದರ ಸಂಖ್ಯೆಯೂ ಪಕ್ಕದ ಪಟ್ಟಿಯದೇ. ನನ್ನ ದನಿ ತಾನಾಗಿ ಇಳಿಯಿತು.

"ಇದು ಬಾಗಿಲ ಲೆಕ್ಕ ಅಲ್ಲ, ದೂರದ ಲೆಕ್ಕ" ಎಂದರು ಸ್ಟ್ಯಾನ್. "ರಾಜ್ಯದ ಗಡಿಯಿಂದ ಎಷ್ಟು ಮೈಲಿ ಬಂದಿದ್ದೀಯ ಅನ್ನೋದೇ ನಂಬರು. ದಾರಿ ತಪ್ಪಿದವನಿಗೆ ಬೇಕಿರೋದು ಅದೊಂದೇ."

ನಯನಾ, ಮೊದಲ ಉತ್ತರ ಇದು. ನಂಬರು ಎಲ್ಲೂ ಹೋಗಿಲ್ಲ. ಆ ಮೈಲಿಯಲ್ಲಿ ಇಳಿಯುವ ದಾರಿ ಇಲ್ಲ, ಅಷ್ಟೇ. ನಾಳೆ ಅಲ್ಲೊಂದು ದಾರಿ ತೆರೆದರೆ ಯಾರ ನಂಬರನ್ನೂ ಕದಲಿಸಬೇಕಿಲ್ಲ. ಹೊಸದರ ನಂಬರು ಈಗಾಗಲೇ ಅಲ್ಲಿ ಕಾದು ಕೂತಿದೆ. ಒಂದು, ಎರಡು, ಮೂರು ಎಂದು ಬಾಗಿಲುಗಳನ್ನೇ ಎಣಿಸುವ ದೇಶಗಳೂ ಇವೆ. ಇಂಗ್ಲೆಂಡಿನಲ್ಲಿ ಹಾಗೆ. ಅಲ್ಲಿ ಕಟ್ಟುತ್ತೇವೆಂದು ಹೊರಟು ಕೈಬಿಟ್ಟ ಜಂಕ್ಷನ್ನಿನ ನಂಬರು ಹಲ್ಲು ಬಿದ್ದ ಜಾಗದ ಹಾಗೆ ಖಾಲಿ ಉಳಿಯುತ್ತದೆ. ಚಿಕಾಗೋ ಊರೊಳಗಿನ ಕಷ್ಟ ಇದಕ್ಕೆ ತಿರುಗಾಮುರುಗಾ. ಒಂದೇ ಮೈಲಿಯೊಳಗೆ ಅಷ್ಟೊಂದು ದಾರಿಗಳು ಕಿಕ್ಕಿರಿದಿರುತ್ತವೆ. ಒಂದೇ ಸಂಖ್ಯೆಯ ಹಿಂದೆ ಎ, ಬಿ, ಸಿ, ಡಿ ಎಂದು ಅಕ್ಷರಮಾಲೆಯನ್ನೇ ಕಟ್ಟಬೇಕು. ಈ ಅಕ್ಷರಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ನನ್ನ ವೃತ್ತಿಜೀವನದ ದೊಡ್ಡ ಜಗಳ ನಡೆದದ್ದು ಅದರ ಮೇಲೆ.

ಆಗಿನ ಕೆಲಸ ಕೈಯಲ್ಲೇ ನಡೆಯುತ್ತಿತ್ತು. ಕಾಗದದ ಮೇಲೆ ಅಕ್ಷರದ ಅಚ್ಚುಗಳನ್ನು ಸರಿಸಿ ಸರಿಸಿ ಜೋಡಿಸುತ್ತಿದ್ದೆವು. ದೂರ ಅಳೆಯಲು ಕಾರಿಗೊಂದು ಮೀಟರ್ ಇತ್ತು. ಅದು ಚಳಿಗಾಲದಲ್ಲಿ ಒಂದು ಹೇಳಿದರೆ ಬೇಸಿಗೆಯಲ್ಲಿ ಇನ್ನೊಂದು ಹೇಳುತ್ತಿತ್ತು. ಈಗ ಉಪಗ್ರಹ ಅಂಗುಲದ ಲೆಕ್ಕ ಕೊಡುತ್ತದೆ, ಕಂಪ್ಯೂಟರು ಗಳಿಗೆಯಲ್ಲಿ ಬೋರ್ಡು ಬರೆದುಕೊಡುತ್ತದೆ. ನನಗೆ ಹಳೆಯದರ ಮೇಲೆ ಮೋಹವೇನಿಲ್ಲ. ಆ ಮೀಟರನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಆದರೆ ಬೋರ್ಡು ಓದಲು ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದಕ್ಕೆ ನನಗೆ ಸಿಕ್ಕಿದ್ದಂಥ ಉಪಕರಣ ಇನ್ನೂ ಯಾವ ಕಂಪನಿಯೂ ತಯಾರಿಸಿಲ್ಲ. ಅದು ನಮ್ಮ ಅಮ್ಮ.

ಅಮ್ಮ ಸರಸ್ವತೀಪುರಂನಿಂದ ಒಂದು ಬೇಸಿಗೆ ಬಂದಿದ್ದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಆದರೆ ಒಂದೊಂದೇ ಪದ, ನಿಧಾನ. ಪಕ್ಕದ ಸೀಟಿನಲ್ಲಿ ಕೂತು ಬರುವ ಬೋರ್ಡನ್ನೆಲ್ಲ ಓದುವುದು ಅವರ ಅಭ್ಯಾಸ. ನಾನು ವಿನ್ಯಾಸ ಮಾಡಿದ್ದ ಒಂದು ಬೋರ್ಡಿನ ಕೆಳಗೆ ಹೋಗುವಾಗ ಅಮ್ಮ ಎರಡನೇ ಸಾಲಿನಲ್ಲೇ ಇದ್ದರು, ಕಾರು ದಾಟಿಹೋಯಿತು. "ಏನೇ ಇದು, ಮುಗಿಸೋಕೇ ಬಿಡಲ್ಲ" ಎಂದರು. ಇದನ್ನು ಸ್ಟ್ಯಾನ್‌ಗೆ ಹೇಳಿದೆ. ಅವರು ಗಂಭೀರವಾಗಿ, ನಿಮ್ಮ ಅಮ್ಮನಿಗೆ ಸೋಮವಾರ ಬಿಡುವಿದೆಯೇ ಎಂದು ಕೇಳಿದರು. ಆ ಬೇಸಿಗೆಯೆಲ್ಲ ಅಮ್ಮ ಸೀರೆ ಉಟ್ಟು, ಸ್ವೆಟರ್ ಹಾಕಿಕೊಂಡು, ಸ್ಟ್ಯಾನ್‌ರ ಪಿಕಪ್‌ನಲ್ಲಿ ಕೂತು ನಮ್ಮ ಜಿಲ್ಲೆಯಾದ ಓಕ್ಲೆಂಡ್ ಕೌಂಟಿಯ ಬೋರ್ಡುಗಳನ್ನು ಓದಿದರು. ಅಮ್ಮ ಪೂರ್ತಿ ಓದಿದರೆ ಬೋರ್ಡು ಪಾಸು. ಇಲ್ಲವಾದರೆ ಒಂದು ಊರಿನ ಹೆಸರು ತೆಗೆಯಬೇಕು. ಬಲಗಡೆಯ ಸಾಲು ಮುಂದೆ ಹೋಗದೆ ಹೊರಗೇ ತಿರುಗುತ್ತದೆ ಎಂದು ತಿಳಿಸಲು ಹಳದಿ ಪಟ್ಟಿಯ ಮೇಲೆ 'ಎಕ್ಸಿಟ್ ಓನ್ಲಿ' ಎಂದು ಬರೆಯುತ್ತೇವಲ್ಲ, ಅದನ್ನು ಓದಿ ಅಮ್ಮ, "ಬರೀ ಹೋಗೋದೇ ಆಯ್ತು, ಬರೋದು ಎಲ್ಲಿಂದ?" ಎಂದರು. ನಾನು ಅನುವಾದಿಸಿದೆ. ಸ್ಟ್ಯಾನ್ ಪಿಕಪ್ಪನ್ನು ಅಂಚಿಗೆ ನಿಲ್ಲಿಸಿ ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಇನ್ನೊಂದು ಘಟನೆ ಹೇಳಲೇಬೇಕು. ಒಂದು ಸಲ ಬೋರ್ಡು ಏರಿಸುವ ಗುತ್ತಿಗೆದಾರರು ರಸ್ತೆಯ ಮೇಲೆ ಅಡ್ಡ ನಿಲ್ಲುವ ಎರಡು ಕಮಾನುಗಳ ಫಲಕ ಅದಲುಬದಲು ಮಾಡಿದರು. 'ಇನ್ನು ಒಂದು ಮೈಲಿ' ಎನ್ನುವ ಫಲಕ ನಿಜವಾದ ಎಕ್ಸಿಟ್ ಹತ್ತಿರ ಹೋಯಿತು. 'ಇಲ್ಲೇ ತಿರುಗಿ' ಎನ್ನುವ ಬಾಣದ ಫಲಕ ಒಂದು ಮೈಲಿ ಮುಂಚೆಯೇ ಬಂದು ಕೂತಿತು. ಅಲ್ಲಿ ಬಾಣ ತೋರಿಸುತ್ತಿದ್ದ ಕಡೆ ಇದ್ದದ್ದು ಹುಲ್ಲು, ತಂತಿಬೇಲಿ, ಅದರಾಚೆ ಮುಸುಕಿನ ಜೋಳದ ಹೊಲ. ಬೆಳಿಗ್ಗೆ ಕಚೇರಿಗೆ ಫೋನ್ ಮಾಡಿದ ಒಬ್ಬ ಲಾರಿ ಚಾಲಕ ತುಂಬ ಸಾವಧಾನದ ಮನುಷ್ಯ. ನಿಮ್ಮ ಬೋರ್ಡಿನ ಪ್ರಕಾರ ನಾನೀಗ ಜೋಳದೊಳಗೆ ಇಳಿಯಬೇಕು, ರೈತನಿಗೆ ಮೊದಲೇ ಹೇಳಿದ್ದೀರಾ ಎಂದು ವಿಚಾರಿಸಿದ. ಯಾರಿಗೂ ಏನೂ ಆಗಲಿಲ್ಲ, ಮಧ್ಯಾಹ್ನದೊಳಗೆ ಸರಿಮಾಡಿದರು. ಅವತ್ತಿನಿಂದ ಸ್ಟ್ಯಾನ್ ಒಂದು ನಿಯಮ ಮಾಡಿದರು. ಬೋರ್ಡು ಏರಿದ ಮೇಲೆ ಅದನ್ನು ಬರೆದವರೇ ಎರಡೂ ದಿಕ್ಕಿನಲ್ಲಿ ಡ್ರೈವ್ ಮಾಡಿ ನೋಡಬೇಕು. ನಕ್ಷೆಯಲ್ಲಿ ಸರಿಯಿದೆ ಎಂಬ ಮಾತನ್ನು ಅವರೆದುರು ಆಡುವಂತಿರಲಿಲ್ಲ.

ಹೀಗೆ ನಡೆಯುತ್ತಿದ್ದಾಗ ರಿಸೆಷನ್, ಅಂದರೆ ಆರ್ಥಿಕ ಹಿಂಜರಿತ ಬಂತು. ಎರಡು ಸಾವಿರದ ಎಂಟರ ಆಸುಪಾಸಿನದು. ಡೆಟ್ರಾಯಿಟ್‌ನಲ್ಲಿ ಅದನ್ನು ಯಾರೂ ಪೇಪರಿನಲ್ಲಿ ಓದಿ ತಿಳಿಯಬೇಕಾಗಿರಲಿಲ್ಲ. ಬೆಳಗಿನ ಫ್ರೀವೇ ಖಾಲಿಯಾಯಿತು. ಮೊದಲು ಕಾರ್ಖಾನೆಗಳು ಪಾಳಿ ಕಡಿಮೆ ಮಾಡಿದವು, ಆಮೇಲೆ ಅವುಗಳಿಗೆ ಬಿಡಿಭಾಗ ಕೊಡುವ ಕಂಪನಿಗಳು ಒಂದೊಂದಾಗಿ ಜನರನ್ನು ಕಳಿಸಿದವು. ನನ್ನ ಗಂಡ ರಘು ಕಾರಿನ ಸೀಟುಗಳ ವಿನ್ಯಾಸ ಮಾಡುತ್ತಿದ್ದರು. ಒಂದು ಶುಕ್ರವಾರ ಮಧ್ಯಾಹ್ನಕ್ಕೇ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಇನ್ನು ಮೇಲೆ ಸಾರು ನಂದು ಎಂದರು. ಅದು ಅವರು ಕೆಲಸ ಹೋದ ಸುದ್ದಿ ಹೇಳಿದ ರೀತಿ. ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಭಾನುವಾರ ಸೇರುತ್ತಿದ್ದ ನಮ್ಮ ಕನ್ನಡದ ಗೆಳೆಯರ ಮಾತೂ ಬದಲಾಯಿತು. ಮೊದಲು ರಜೆಗೆ ಎಲ್ಲಿಗೆ ಹೋಗುತ್ತೀರಿ ಎನ್ನುತ್ತಿದ್ದವರು ಈಗ ಎಲ್ಲೆಲ್ಲಿ ಅಪ್ಲೈ ಮಾಡಿದ್ದೀರಿ ಎನ್ನುತ್ತಿದ್ದರು.

ನಮ್ಮ ಶಾಖೆಯಲ್ಲಿ ಮೊದಲು ಹೋದವರು ಸ್ಟ್ಯಾನ್. ಹಿರಿಯರ ಸಂಬಳ ಹೆಚ್ಚು, ಅದಕ್ಕೇ. ಕೊನೆಯ ದಿನ ಪಿಕಪ್ ಹತ್ತುವ ಮುಂಚೆ, ಇನ್ನಾದರೂ ಏನನ್ನೂ ಓದದೆ ಗಾಡಿ ಓಡಿಸಬಹುದು ಎಂದು ನಕ್ಕರು. ನನಗೆ ನಗಲು ಬರಲಿಲ್ಲ. ಶಾಖೆಯಲ್ಲಿ ಬೆರಳೆಣಿಕೆಯ ಜನ ಉಳಿದೆವು. ನಮ್ಮ ಮೇಲೆ ಬೋಲಿಂಗ್‌ಬ್ರೂಕ್‌ನ ಗ್ರೆಗ್ ಎಂಬ ಮ್ಯಾನೇಜರ್ ಬಂದರು. ನನ್ನ ಬದುಕು ಎರಡು ಊರಿನ ನಡುವೆ ಹಂಚಿಹೋಯಿತು. ವಾರದ ಆರಂಭದಲ್ಲಿ ಮಿಷಿಗನ್ ದಾಟಿ, ಇಂಡಿಯಾನಾದ ತುದಿ ಸವರಿ, ಉಗ್ರಾಣಗಳ ಸಾಲಿನ ಪಕ್ಕದ ಆ ಕಚೇರಿ ತಲುಪುವುದು, ವಾರ ಮುಗಿಯುವ ಮುಂಚೆ ವಾಪಸು ಬರುವುದು. ದಾರಿಗೆ ರಘು ಕಟ್ಟಿಕೊಡುತ್ತಿದ್ದ ಚಿತ್ರಾನ್ನ ವಾರ ವಾರಕ್ಕೂ ಸುಧಾರಿಸುತ್ತಿತ್ತು.

ಗ್ರೆಗ್ ಕೆಟ್ಟವರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಅಚ್ಚುಕಟ್ಟಿನ ಮನುಷ್ಯ, ತಮ್ಮ ಕೈಕೆಳಗಿನವರ ಕೆಲಸ ಉಳಿಸಬೇಕೆಂದು ನಿದ್ದೆಗೆಡುತ್ತಿದ್ದವರು. ಅಷ್ಟರಲ್ಲಿ ಸರ್ಕಾರ ರಸ್ತೆಗಳಿಗೆ ಪರಿಹಾರದ ಹಣ ಬಿಡುಗಡೆ ಮಾಡಿತು. ತಕ್ಷಣ ಶುರು ಮಾಡಬಹುದಾದ ಕೆಲಸಗಳು ಬೇಕಿದ್ದವು. ಬೋರ್ಡು ಬದಲಿಸುವುದಕ್ಕಿಂತ ಬೇಗ ಶುರುವಾಗುವ ಕೆಲಸ ಯಾವುದಿದೆ? ಡೆಟ್ರಾಯಿಟ್ ಕಡೆಯ ಒಂದು ಫ್ರೀವೇಯ ಹಳೆಯ ಬೋರ್ಡುಗಳನ್ನೆಲ್ಲ ಬದಲಿಸುವ ಕೆಲಸ ನಮಗೆ ಬರುವ ಹಾಗಿತ್ತು. ಶಾಖೆಯ ಉಸಿರು ಅದರ ಮೇಲೆ ನಿಂತಿತ್ತು.

ಆ ಹಾದಿಯಲ್ಲಿ ಒಂದು ಮೈಲಿ ಇತ್ತು. ಅದರ ನಂಬರು ಬೇಡ, ನಲವತ್ತು ಎನ್ನೋಣ. ಅಲ್ಲಿ 40 ಎ ಇತ್ತು, 40 ಸಿ ಇತ್ತು, 40 ಡಿ ಇತ್ತು. ಬಿ ಇರಲಿಲ್ಲ. ರಿಸೆಷನ್ನಿಗೆ ಮೊದಲು ಅಲ್ಲೊಂದು ಬಿಡಿಭಾಗಗಳ ಕಾರ್ಖಾನೆ ಬರುತ್ತದೆ, ಅದಕ್ಕೇ ಒಂದು ದಾರಿ ಬೇಕು ಎಂದು ತೀರ್ಮಾನವಾಗಿತ್ತು. ಅದಕ್ಕೆ ಬಿ ಎಂದು ಮೀಸಲಿಟ್ಟು, ಉಳಿದ ದಾರಿಗಳಿಗೆ ಮುಂದಿನ ಅಕ್ಷರ ಕೊಟ್ಟು ಬೋರ್ಡು ಏರಿಸಿದ್ದರು. ನೆಲ ಸಮ ಮಾಡಿದ ಮೇಲೆ ಕಾರ್ಖಾನೆಯ ಯೋಜನೆ ಬಿದ್ದುಹೋಯಿತು. ಬಿ ಕಾಗದದಲ್ಲೇ ಉಳಿಯಿತು. ಸಮ ಮಾಡಿದ ನೆಲದಲ್ಲಿ ಕಾಡುಬಾತುಗಳು ಬಂದು ಮೇಯುತ್ತಿದ್ದವು.

ಹೊಸ ಬೋರ್ಡು ಹಾಕುವಾಗ ಇದನ್ನು ಸರಿಮಾಡಿಬಿಡೋಣ ಎಂದರು ಗ್ರೆಗ್. ಸಿ ಇದ್ದದ್ದು ಬಿ ಆಗಲಿ, ಡಿ ಇದ್ದದ್ದು ಸಿ ಆಗಲಿ. ನೋಡಿದವರಿಗೆ ಅರ್ಧಕ್ಕೆ ಬಿಟ್ಟ ಕೆಲಸ ಎನಿಸಬಾರದು. ಇದರ ಜೊತೆ ಅವರು ಹೇಳದೆಯೂ ನನಗೆ ತಿಳಿದ ಇನ್ನೊಂದು ಮಾತಿತ್ತು. ಅಕ್ಷರ ಬದಲಿಸಿದರೆ ಫ್ರೀವೇ ಮೇಲಿನ ಬೋರ್ಡು ಮಾತ್ರವಲ್ಲ, ಸುತ್ತಲಿನ ಎಲ್ಲ ರಸ್ತೆಗಳಲ್ಲಿ ಆ ದಾರಿಗೆ ಕೈತೋರಿಸುವ ಬೋರ್ಡುಗಳೂ ಬದಲಾಗಬೇಕು. ಕೆಲಸ ಹಿಗ್ಗುತ್ತದೆ. ನಾವು ಉಳಿಯುತ್ತೇವೆ. ಮನೆಯಲ್ಲಿ ಒಂದೇ ಸಂಬಳ ಇದ್ದ ನನಗೆ ಅದು ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಸರಿ ಎಂದೆ. ನಕ್ಷೆಯನ್ನೂ ಶುರು ಮಾಡಿದೆ.

ಸ್ಟ್ಯಾನ್ ಇಲ್ಲದಿದ್ದರೂ ಅವರ ಅಭ್ಯಾಸ ನನ್ನಲ್ಲಿತ್ತು. ಒಂದು ದಿನ ಆ ಮೈಲಿಯನ್ನು ಎರಡೂ ದಿಕ್ಕಿನಲ್ಲಿ ಡ್ರೈವ್ ಮಾಡಿದೆ. ಡಿ ದಾರಿಯಲ್ಲಿ ಇಳಿದರೆ ಆಸ್ಪತ್ರೆ. ಸಿ ದಾರಿಯಲ್ಲಿ ಇಳಿದರೆ ಉಗ್ರಾಣಗಳು, ರೈಲು ಹಳಿ, ತಿರುಗಿ ಬರಲು ಬಹಳ ಸುತ್ತು. ಅಲ್ಲಿಂದ ನೇರ ಕೌಂಟಿಯ ತುರ್ತು ಕರೆ ಕೇಂದ್ರಕ್ಕೆ ಹೋದೆ. ಬೋರ್ಡು ಬದಲಾಗುವ ಮುಂಚೆ ಅವರಿಗೆ ತಿಳಿಸುವುದು ಪದ್ಧತಿ. ಅಲ್ಲಿನ ಮೇಲ್ವಿಚಾರಕಿ ಡೆನೀಸ್, ನನ್ನ ವಯಸ್ಸಿನ ಕಪ್ಪು ಹೆಂಗಸು, ಕೊರಳಲ್ಲಿ ಹೆಡ್‌ಸೆಟ್ ನೇತುಹಾಕಿಕೊಂಡೇ ಬಂದು ಕೂತರು. ನಕ್ಷೆ ಬಿಡಿಸಿ ತೋರಿಸಿದೆ. ಅವರು ಬಿ ಬಗ್ಗೆ ಏನೂ ಕೇಳಲಿಲ್ಲ. ಸಿ ಮೇಲೆ ಬೆರಳಿಟ್ಟರು.

"ಮುಂದಿನ ತಿಂಗಳು ಯಾರೋ ಫೋನ್ ಮಾಡಿ, ನಾನು 40 ಸಿ ಹತ್ತಿರ ಇದ್ದೀನಿ, ನಮ್ಮಪ್ಪ ಮಾತಾಡ್ತಿಲ್ಲ ಅಂತಾರೆ. ನಾನು ಗಾಡಿ ಎಲ್ಲಿಗೆ ಕಳಿಸ್ಲಿ?"

ಹೊಸ ಸಿಗೆ ಎಂದೆ. ಫೋನ್ ಮಾಡಿದವರ ಕಾರಿನ ಪರದೆಯಲ್ಲಿ ಹಳೆಯ ನಕ್ಷೆ ಇದ್ದರೆ, ಎಂದರು. ಬೋರ್ಡು ನೋಡಿ ಹೇಳುವವರು ಕೆಲವರು, ಪರದೆ ನೋಡಿ ಹೇಳುವವರು ಕೆಲವರು, ಇಷ್ಟು ವರ್ಷದ ಅಭ್ಯಾಸದಿಂದ ಹೇಳುವವರು ಉಳಿದವರು. ಗಾಬರಿಯಲ್ಲಿರುವವರನ್ನು, ಹಳೆಯ ಸಿಯೋ ಹೊಸ ಸಿಯೋ ಎಂದು ಕೇಳಿದರೆ ಅವರಿಗೆ ಏನು ಗೊತ್ತಾಗುತ್ತದೆ? ಡೆನೀಸ್ ಜಗಳದ ದನಿಯಲ್ಲಿ ಮಾತಾಡಲಿಲ್ಲ. ಬದಲಿಸಲೇಬೇಕು ಎಂದಾದರೆ ನಾವು ಹೇಗೋ ನಿಭಾಯಿಸುತ್ತೇವೆ, ಆದರೆ ಯಾಕೆ ಬದಲಿಸುತ್ತಿದ್ದೀರಿ ಎಂದು ಕೇಳಿದರು. ನೋಡಲು ಚೆನ್ನಾಗಿರಲಿ ಎಂಬುದು ಬಿಟ್ಟರೆ ಹೇಳಿಕೊಳ್ಳುವ ಕಾರಣ ಇರಲಿಲ್ಲ, ನಕ್ಷೆ ಸುತ್ತಿಕೊಂಡು ಎದ್ದೆ.

ಮನೆಗೆ ಬಂದು ಊಟಕ್ಕೆ ಕೂತಾಗ ರಘುಗೆ ಎಲ್ಲ ಹೇಳಿ, ಅಕ್ಷರ ಬದಲಿಸುವುದು ಬೇಡ ಎನ್ನಬೇಕೆಂದಿದ್ದೇನೆ ಎಂದೆ. ಅವರು ಹುಳಿ ಬಡಿಸುತ್ತಾ ಕೇಳಿಸಿಕೊಂಡರು. "ಅಂದ್ರೆ ನಿನ್ನ ಕೆಲಸ ನೀನೇ ಕಮ್ಮಿ ಮಾಡ್ಕೊಳ್ಳೋಕೆ ಹೊರಟಿದ್ದೀಯ" ಎಂದರು. ಹೌದು ಎಂದೆ. ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಮೇಘನಾ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ರಘು ತಮ್ಮ ಸೀಟಿನ ಕಾರ್ಖಾನೆಯ ಮಾತು ತೆಗೆದರು.

"ನಮ್ಮಲ್ಲಿ ಒಂದು ಪಾರ್ಟ್ ಕ್ಯಾನ್ಸಲ್ ಆದ್ರೆ, ಅದರ ನಂಬರ್ ಇನ್ನೊಂದಕ್ಕೆ ಯಾವತ್ತೂ ಕೊಡಲ್ಲ. ಸತ್ತ ನಂಬರ್ ಖಾಲಿ ಇರತ್ತೆ, ಅಷ್ಟೆ. ಕೊಟ್ರೆ ಎಲ್ಲೋ ಒಬ್ಬ ಹಳೇ ಡ್ರಾಯಿಂಗ್ ನೋಡಿ ತಪ್ಪು ಬೋಲ್ಟ್ ಹಾಕ್ತಾನೆ. ಖಾಲಿ ಇದ್ರೆ ಯಾರಿಗೇನು ತೊಂದ್ರೆ?"

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವರ ಕೆಲಸದ ಬಗ್ಗೆ ನನಗೆ ಇದು ಗೊತ್ತೇ ಇರಲಿಲ್ಲ. "ಗ್ರೆಗ್ ಕೇಳ್ದಿದ್ರೆ?" ಎಂದೆ. ಕೇಳದಿದ್ದರೆ ಇಬ್ಬರೂ ಸೇರಿ ಚಿತ್ರಾನ್ನದ ಅಂಗಡಿ ಇಡೋಣ ಎಂದರು. ಮೇಘನಾ ಇಂಗ್ಲಿಷಿನಲ್ಲಿ, ದಯವಿಟ್ಟು ಬೇಡ ಎಂದಳು.

ಗ್ರೆಗ್‌ಗೆ ಮೊದಲು ಹೇಳದೆ, ಬೋರ್ಡುಗಳನ್ನು ತೀರ್ಮಾನಿಸುವ ಹೆದ್ದಾರಿ ಇಲಾಖೆಯವರ ಸಭೆಯಲ್ಲಿ ಹೇಳುವುದು ಸರಿಯಲ್ಲ ಎನಿಸಿತು. ಮುಂದಿನ ವಾರ ಬೋಲಿಂಗ್‌ಬ್ರೂಕ್‌ನಲ್ಲಿ ಕಾರು ನಿಲ್ಲಿಸುವ ಜಾಗದಲ್ಲೇ ಅವರನ್ನು ಹಿಡಿದೆ. ಎಲ್ಲ ಕೇಳಿಸಿಕೊಂಡರು. ಅವರ ಮುಖದಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

"ಇದು ಹೋದರೆ ನಿಮ್ಮ ಶಾಖೆಯಲ್ಲಿ ಎಲ್ಲರನ್ನೂ ಉಳಿಸೋಕೆ ನನ್ನ ಕೈಲಿ ಆಗಲ್ಲ. ಅದರಲ್ಲಿ ನೀವೂ ಇರಬಹುದು. ಗೊತ್ತಲ್ವಾ?"

ಗೊತ್ತು ಎಂದೆ. ನಿಮ್ಮ ಗಂಡನಿಗೆ ಕೆಲಸ ಸಿಕ್ಕಿತೇ ಎಂದು ಕೇಳಿದರು. ಇಲ್ಲ ಎಂದೆ. ಅವರು ತಲೆಯಾಡಿಸಿ, ಸಭೆಯಲ್ಲಿ ನಿಮ್ಮನ್ನು ತಡೆಯುವುದಿಲ್ಲ, ಬೆಂಬಲಿಸುವುದೂ ಇಲ್ಲ ಎಂದು ಹೇಳಿ ಒಳಗೆ ಹೋದರು. ಆಗ ಅವರ ಮೇಲೆ ನನಗೆ ಸ್ವಲ್ಪ ಗೌರವ ಹುಟ್ಟಿತು.

ಸಭೆ ನಡೆದದ್ದು ಇಲಾಖೆಯ ಒಂದು ಕೋಣೆಯಲ್ಲಿ, ಕೆಟ್ಟ ಕಾಫಿಯ ಮುಂದೆ. ಡೆನೀಸ್‌ರನ್ನೂ ಕರೆದಿದ್ದೆ. ನಾನು ಎರಡು ನಕ್ಷೆಗಳನ್ನು ಗೋಡೆಗೆ ಅಂಟಿಸಿ, ಹಳೆಯ ಸಿ ಮತ್ತು ಹೊಸ ಸಿ ತೋರಿಸಿ, ಸೀಟಿನ ಬೋಲ್ಟಿನ ಕಥೆ ಹೇಳಿದೆ. ಸೀಟು ಯಾಕೆ ಬಂತು ಎಂದು ಮೊದಲು ಯಾರಿಗೂ ಅರ್ಥವಾಗಲಿಲ್ಲ, ಆದರೆ ಡೆಟ್ರಾಯಿಟ್‌ನಲ್ಲಿ ಕಾರಿನ ಉದಾಹರಣೆ ಕೊಟ್ಟರೆ ಕೊನೆಗೆ ಎಲ್ಲರಿಗೂ ಅರ್ಥವಾಗುತ್ತದೆ. ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು, ಹಾಗಾದರೆ ಬಿ ಎಲ್ಲಿ ಎಂದು ಜನ ನಮ್ಮನ್ನು ಕೇಳುವುದಿಲ್ಲವೇ ಎಂದರು. ಅದಕ್ಕೆ ಉತ್ತರ ಕೊಟ್ಟವರು ಡೆನೀಸ್. "ಕೇಳ್ಲಿ. ಅದನ್ನ ಕೇಳೋಕೆ ಯಾರೂ ತುರ್ತು ನಂಬರಿಗೆ ಫೋನ್ ಮಾಡಲ್ಲ."

ಕೋಣೆಯಲ್ಲಿ ನಗು ಎದ್ದಿತು. ಗ್ರೆಗ್ ಕೂಡ ನಕ್ಕರು. ಎ, ಸಿ, ಡಿ ಹಾಗೇ ಇರಲಿ ಎಂದು ತೀರ್ಮಾನವಾಯಿತು. ಇದು ಎರಡನೇ ಉತ್ತರ, ನಯನಾ. ಕೆಲವು ಸಲ ಅಕ್ಷರ ಹಾರಿಹೋಗಿರುತ್ತದೆ, ಯಾರೋ ಅಲ್ಲಿ ಏನನ್ನೋ ಕಟ್ಟಲು ಹೊರಟು ನಿಲ್ಲಿಸಿದ್ದರಿಂದ. ಅದನ್ನು ತುಂಬದೆ ಬಿಟ್ಟಿದ್ದರೆ ಸೋಮಾರಿತನ ಎಂದುಕೊಳ್ಳಬೇಡ. ಅದರ ಹಿಂದೆ ಒಂದು ಸಭೆ ನಡೆದಿರಬಹುದು.

ಮುಂದಿನದು ಅಷ್ಟು ಸಲೀಸಾಗಿರಲಿಲ್ಲ. ಕೆಲಸ ಕುಗ್ಗಿತು. ಡೆಟ್ರಾಯಿಟ್ ಶಾಖೆಯನ್ನು ಮುಚ್ಚಿದರು. ಇಬ್ಬರು ಸಹೋದ್ಯೋಗಿಗಳು ಬೇರೆ ಕಡೆ ಹೋದರು, ಒಬ್ಬರು ಬೋಲಿಂಗ್‌ಬ್ರೂಕ್‌ಗೆ ಮನೆ ಬದಲಿಸಿದರು, ನನ್ನನ್ನು ಅರ್ಧ ವಾರದ ಕೆಲಸಕ್ಕೆ ಇಳಿಸಿದರು. ಬೇರೆ ಕಡೆ ಹೋದವರಲ್ಲಿ ಒಬ್ಬರು ಬಹಳ ಕಾಲ ನನ್ನೊಡನೆ ಮಾತು ಬಿಟ್ಟಿದ್ದರು. ಅವರಿಗೆ ಕಾರಣ ಇತ್ತು, ನಾನು ವಾದಿಸಲಿಲ್ಲ. ಆ ಚಳಿಗಾಲ ನಾನೂ ರಘುವೂ ಮನೆಯಲ್ಲಿ ಒಬ್ಬರ ಕಾಲಿಗೆ ಒಬ್ಬರು ತೊಡರಿಕೊಂಡು ಓಡಾಡಿದೆವು. ಅವರು ಬಿಸಿಬೇಳೆಬಾತ್‌ನಲ್ಲಿ ಪ್ರಯೋಗ ನಡೆಸಿದರು. ನಾನು ಉಳಿದ ದಿನಗಳಲ್ಲಿ ಹಿಮ ತೋಡಿದೆ. ವಸಂತ ಬರುವ ಹೊತ್ತಿಗೆ ಅವರಿಗೆ ವೈದ್ಯಕೀಯ ಹಾಸಿಗೆಗಳನ್ನು ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಕೂರುವವರಿಂದ ಮಲಗುವವರಿಗೆ ಬಡ್ತಿ ಎಂದು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಅದೇ ಸುಮಾರಿಗೆ ಗ್ರೆಗ್ ಫೋನ್ ಮಾಡಿದರು. ಇಲಿನಾಯ್ಸ್‌ನಲ್ಲಿ, ಗಡಿಯಲ್ಲಲ್ಲದೆ ರಾಜ್ಯದೊಳಗೇ ಶುರುವಾಗುವ ಒಂದು ರಸ್ತೆಯನ್ನು ಅದರ ಮೊದಲ ತುದಿಯಿಂದ ಹಿಂದಕ್ಕೆ ಉದ್ದ ಮಾಡಿದ್ದರು. ಮೊದಲ ಮೈಲಿಯೇ ಬೇರೆ ಕಡೆ ಹೋದದ್ದರಿಂದ ಎಲ್ಲ ನಂಬರುಗಳೂ ಸುಳ್ಳಾಗಿದ್ದವು. ಇದನ್ನು ಬದಲಿಸಲೇಬೇಕಾಗಿತ್ತು. "ಬದಲಿಸಬಾರದು ಅಂತ ಜಗಳ ಆಡಿದವರೇ ಬದಲಿಸಿದರೆ ನನಗೆ ಧೈರ್ಯ" ಎಂದರು. ಪೂರ್ತಿ ಕೆಲಸಕ್ಕೆ ವಾಪಸು ಹೋದೆ. ಅಲ್ಲಿ ಎಲ್ಲಕ್ಕಿಂತ ಮೊದಲು ಮಾತಾಡಿದ್ದು ಆ ಕಡೆಯ ತುರ್ತು ಕರೆ ಕೇಂದ್ರದವರ ಜೊತೆ. ಪ್ರತಿ ಹೊಸ ನಂಬರಿನ ಕೆಳಗೆ ಹಳೆಯದನ್ನು ಸಣ್ಣ ಹಳದಿ ಪಟ್ಟಿಯಲ್ಲಿ ತೂಗುಹಾಕಿದೆವು. ಜನ ಹೊಸದಕ್ಕೆ ಒಗ್ಗುವವರೆಗೆ ಅದು ಅಲ್ಲೇ ಇತ್ತು. ಯಾರಾದರೂ ಎರಡೂ ನಂಬರು ಓದಿ ಗೊಂದಲಗೊಂಡು ಬೈದರೆ ಆ ಬೈಗುಳ ನನಗೇ ತಲುಪಲಿ ಎಂದು ಗ್ರೆಗ್ ನನ್ನ ಫೋನ್ ನಂಬರನ್ನೇ ಕೊಟ್ಟಿದ್ದರು. ಸಾಕಷ್ಟು ತಲುಪಿದವು. ಒಬ್ಬ ಅಜ್ಜಿ ಮಾತ್ರ ಧನ್ಯವಾದ ಹೇಳಲು ಫೋನ್ ಮಾಡಿದ್ದರು. ಮಾತಿನ ಮಧ್ಯದಲ್ಲಿ ಗೊತ್ತಾಯಿತು, ಅವರು ಬೇರೆ ರಸ್ತೆಯ ಬಗ್ಗೆ ಹೇಳುತ್ತಿದ್ದರು.

ಹೋದ ವರ್ಷ ನಾನು ನಿವೃತ್ತಳಾದೆ. ರಾಚೆಸ್ಟರ್ ಹಿಲ್ಸ್‌ನ ಒಂದು ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಇಟ್ಟಿದ್ದರು. ಗ್ರೆಗ್ ಬೋಲಿಂಗ್‌ಬ್ರೂಕ್‌ನಿಂದ ಡ್ರೈವ್ ಮಾಡಿಕೊಂಡು ಬಂದರು, ತಲೆ ನೆರೆತಿತ್ತು. ಡೆನೀಸ್‌ರನ್ನು ನಾನೇ ಕರೆದಿದ್ದೆ. ನನಗಿಂತ ಮೊದಲೇ ನಿವೃತ್ತರಾಗಿ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಊಟ ಆದ ಮೇಲೆ ಅವರ ಪಕ್ಕ ಕೂತು, ಬಹಳ ದಿನದಿಂದ ಕೇಳಬೇಕೆಂದುಕೊಂಡಿದ್ದನ್ನು ಕೇಳಿದೆ. ಬಿ ಇಲ್ಲದ ಆ ಜಂಕ್ಷನ್ನಿನಲ್ಲಿ ಆಮೇಲೆ ಯಾವತ್ತಾದರೂ ಗಾಡಿ ತಪ್ಪು ದಾರಿಗೆ ಹೋಯಿತೇ, ಕರೆಯಲ್ಲಿ ಗೊಂದಲವಾಯಿತೇ?

ಡೆನೀಸ್ ಫೋರ್ಕನ್ನು ತಟ್ಟೆಯ ಮೇಲಿಟ್ಟು ನನ್ನ ಮುಖ ನೋಡಿದರು.

"ಯಾವ ಜಂಕ್ಷನ್?"

ನಾನು ಎಷ್ಟು ಜೋರಾಗಿ ನಕ್ಕೆನೆಂದರೆ, ಆಚೆ ಮೇಜಿನಲ್ಲಿದ್ದ ರಘು ಏನಾಯಿತೋ ಎಂದು ಎದ್ದು ಬಂದರು.